ಸತ್ತವರಿಗಾದರೆ ಆರಿಸುತ್ತಾರೆ

ಸಫಿನಾಜಳ ಕಿವಿ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಪಾಪ ಕಿವುಡಿ ಅಂತ ಜನ ಒಂದಿಷ್ಟು ಕನಿಕರವನ್ನಾದರೂ ತೋರಿಸುತ್ತಿದ್ದರು. ಅವಳದು ಅದಕ್ಕೆ ಉಲ್ಟಾ. ಮಿದುಳು ಜ್ವರ ಬಂದು ಸಾಯುವುದರಲ್ಲಿ ಬದುಕಿಕೊಂಡಳಲ್ಲ, ಆವತ್ತಿನಿಂದ ಕೆಲವು ಸದ್ದುಗಳು ಅವಳಿಗೆ ಕೇಳುವುದಲ್ಲ, ನೋಯುವುದು. ಎಲ್ಲ ಸದ್ದೂ ಅಲ್ಲ ನೋಡಿ, ಕಷ್ಟ ಇರುವುದೇ ಅಲ್ಲಿ. ಹೊಲಿಗೆ ಮಿಷನ್ನಿನ ಕಟಕಟ ತಾಳಬಹುದಿತ್ತು, ಬೆಳಗಿನ ಅಜಾನ್ ತಾಳಬಹುದಿತ್ತು, ಕತ್ತೆಗಾಡಿಯಲ್ಲಿ ಈರುಳ್ಳಿ ಮಾರುವವನ ಬೊಬ್ಬೆಯನ್ನೂ ತಾಳಬಹುದಿತ್ತು. ತಾಳಲಾಗದೇ ಇದ್ದದ್ದು ಹಾಡು. ಅದರಲ್ಲೂ ಈಗಿನ ಹಾಡು: ಕೆಳಗೆ ಎದೆಗೂಡಿಗೆ ಧಪ್ ಧಪ್ ಅಂತ ಗುದ್ದುವ ತಾಳ, ಮೇಲೆ ಯಂತ್ರಕ್ಕೆ ಹಾಕಿ ತೆಗೆದ, ತಗಡು ಸೀಳಿದಂಥ ಗಂಡಸಿನ ಗಂಟಲು. ಅದು ಶುರುವಾಯಿತೆಂದರೆ ಹಲ್ಲಿನ ಬೇರಿನಿಂದ ನೆತ್ತಿಯವರೆಗೆ ಚುಚ್ಚಿಕೊಂಡು ಹೋಗಿ, ಗೋಡೆ ಹಿಡಿದು ಕೂತುಬಿಡುತ್ತಿದ್ದಳು.

ತೋರಿಸಿದ ಡಾಕ್ಟರು ಒಳ್ಳೆಯವನೇ. "ಕಿವಿ ನನ್ನದಕ್ಕಿಂತ ಚೆನ್ನಾಗಿದೆ ತಾಯಿ. ಒಳಗೆ ಸದ್ದನ್ನ ಅಳೆಯೋ ಲೆಕ್ಕ ತಪ್ಪಿದೆ. ನಿನ್ನ ಥರದವರು ಬೇಕಾದಷ್ಟು ಜನ ಇದ್ದಾರೆ. ಆಗದ ಸದ್ದಿಂದ ದೂರ ಇರು, ಅಷ್ಟೇ," ಅಂದ. ಅಷ್ಟೇ ಅಂತೆ! ಕೈರೋದ ಶುಬ್ರಾದಲ್ಲಿ ಇದ್ದುಕೊಂಡು ಹಾಡಿನಿಂದ ದೂರ ಇರುವುದು! ಮೈಕ್ರೋಬಸ್ಸಿನಲ್ಲಿ ಹಾಡು, ಟುಕ್‌ಟುಕ್ಕಿನಲ್ಲಿ ಹಾಡು, ಕಾಫಿ ಅಂಗಡಿಯಲ್ಲಿ ಹಾಡು, ಕೋಳಿ ಕೊಯ್ಯುವವನ ಅಂಗಡಿಯಲ್ಲಿ ಕೋಳಿ ಸಾಯುವುದೂ ಹಾಡು ಕೇಳಿಕೊಂಡೇ. ಎಲ್ಲಕ್ಕಿಂತ ದೊಡ್ಡ ಪೀಡೆ ಕಿಮೊ. ಸಫಿನಾಜಳ ಬಾಲ್ಕನಿಗೆ ಸರಿಯಾಗಿ ಎದುರು ಅವನ ಮೊಬೈಲ್ ರಿಪೇರಿ ಅಂಗಡಿ, ಅಂಗಡಿಯ ಎರಡೂ ಕಡೆ ಕಾವಲು ನಿಂತ ಹಾಗೆ ಆಳೆತ್ತರದ ಸ್ಪೀಕರ್. ಆ ವರ್ಷ ಇಡೀ ಊರಿಗೆ ಒಂದು ಹಾಡಿನ ಹುಚ್ಚು ಹಿಡಿದಿತ್ತು: 'ಹಲೋ ಹಲೋ, ಎದೆಯ ಬ್ಯಾಟರಿ ಖಾಲಿ.' ಕಿಮೊ ಅದನ್ನು ಬೆಳಿಗ್ಗೆ ಶಟರ್ ಎತ್ತುವಾಗ ಹಾಕಿದರೆ ಇಳಿಸುವಾಗಲೇ ತೆಗೆಯುತ್ತಿದ್ದದ್ದು.

ಇದನ್ನೆಲ್ಲ ಹೇಗೋ ಹತ್ತಿ ತುರುಕಿಕೊಂಡು, ಕಿಟಕಿಗೆ ಕಂಬಳಿ ಜಡಿದು ಸಹಿಸಿದ್ದಳು. ಈಗ ಸಹಿಸಲಾಗದ ಸಂದರ್ಭ ಬಂತು. ಗಂಡ ಸತ್ತ ಮೇಲೆ ಒಬ್ಬಳೇ ಹೊಲಿಗೆ ಹಾಕಿ ಸಾಕಿದ ಒಬ್ಬಳೇ ಮಗಳು ರಬಾಬಳ ನಿಶ್ಚಿತಾರ್ಥ ಗುರುವಾರಕ್ಕೆ ಗೊತ್ತಾಯಿತು. ಹೆಣ್ಣಿನ ಮನೆಯ ಮುಂದೆ, ಗಲ್ಲಿಯಲ್ಲೇ ಶಾಮಿಯಾನ. ಹುಡುಗ ಸಾಮಿಹ್ ನೀರಿನ ಪಂಪು ರಿಪೇರಿಯವನು, ಮಾತು ಕಡಿಮೆ, ಸಫಿನಾಜಳಿಗೆ ಮೊದಲ ದಿನವೇ ಹಿಡಿಸಿದ್ದ. ಆದರೆ ಅವನ ತಾಯಿ ಹಾಜ್ಜಾ ಹಿಕ್ಮತ್ ಮದುವೆ ಮನೆಯ ಮರ್ಯಾದೆಯನ್ನು ಸ್ಪೀಕರಿನ ಎತ್ತರದಲ್ಲಿ ಅಳೆಯುವ ಹೆಂಗಸು.

"ಅಮ್ಮ, ನಾನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಅಂದಳು ರಬಾಬ್. ಹಾಗೆ ಶುರುವಾಗುವ ಮಾತು ಯಾವತ್ತಾದರೂ ಬೇಜಾರು ಮಾಡದೆ ಬಿಟ್ಟಿದೆಯೇ? "ಗುರುವಾರ ಒಂದಿನ ನೀನು ತಂತಾ ಊರಿಗೆ, ಚಿಕ್ಕಮ್ಮನ ಮನೆಗೆ ಹೋಗಿಬಿಡು. ಚಿಕ್ಕಮ್ಮನಿಗೆ ಮೈ ಹುಷಾರಿಲ್ಲ ಅಂತ ನಾನು ಹೇಳ್ತೀನಿ."

"ನಿನ್ನ ನಿಶ್ಚಿತಾರ್ಥಕ್ಕೆ ನಾನು ಇರಬಾರದಾ?"

"ಇರು ಅಂತಾನೇ ಆಸೆ ನಂಗೆ. ಆದ್ರೆ ಹಾಡು ಶುರುವಾದ ತಕ್ಷಣ ಕಿವಿ ಮುಚ್ಕೊಂಡು ಮುಖ ಹಿಂಡ್ತೀಯ. ಮಗಳ ಸಂತೋಷ ನೋಡಕ್ಕಾಗಲ್ಲ ಅಂತಾರೆ. ಇಲ್ಲಾ, ತಲೆ ಕೆಟ್ಟ ವಂಶ ಅಂತಾರೆ. ಹಾಜ್ಜಾ ಹಿಕ್ಮತ್ ಗೊತ್ತಲ್ಲ ನಿಂಗೆ."

ಹೆತ್ತ ತಾಯಿಯನ್ನು ಮಗಳ ಶುಭದ ದಿನ ಊರು ಬಿಡಿಸುವುದು! ಯಾಕೆ, ಅವಳೇನು ಕಳ್ಳಿಯೇ, ಕುಡುಕಿಯೇ? ಸಫಿನಾಜಳ ಹೊಟ್ಟೆ ಉರಿದುಹೋಯಿತು. ಆದರೆ ಮಗಳ ಕಣ್ಣಲ್ಲಿ ನೀರಿದ್ದದ್ದನ್ನೂ ನೋಡಿದಳು, ಅದಕ್ಕೇ ಅವಳ ಮೇಲೆ ಕೂಗಾಡಲಿಲ್ಲ.

"ಹೋಗಲ್ಲ. ಶಾಮಿಯಾನ ನಂದು, ನಾನೇ ಹೇಳಿ ಹಾಕಿಸ್ತೀನಿ, ಡೀಜೆ ಇಲ್ಲದೆ. ಗಲ್ಲಿಯವರ ಹತ್ರ ನಾನೇ ಕೇಳ್ಕೋತೀನಿ. ಮಧ್ಯಾಹ್ನದ ಅಸರ್ ನಮಾಜಿನಿಂದ ಹೊತ್ತು ಮುಳುಗೋ ಮಗ್ರಿಬ್‌ವರೆಗೆ ಹಾಡು ಆರಿಸಿ ಸುಮ್ಮನಿದ್ರೆ ಇವರ ಗಂಟೇನು ಹೋಗುತ್ತೆ?"

"ಡೀಜೆ ಇಲ್ಲದ ನಿಶ್ಚಿತಾರ್ಥಕ್ಕೆ ಸಾವಿನ ಮನೆ ಅಂತಾರಮ್ಮ!"

"ಅನ್ನಲಿ. ಅನ್ನೋರ ಬಾಯಿಗೆ ಬೀಗ ಹಾಕಕ್ಕಾಗುತ್ತಾ?"

ರಬಾಬ್ ಒಪ್ಪಿದಳು, ಅರ್ಧ ಮನಸ್ಸಿನಿಂದ. ಆದರೂ ಹುಷಾರಿಗೆ ಅಂತ ಗಲ್ಲಿಯಲ್ಲಿ ಸಿಕ್ಕವರಿಗೆಲ್ಲ, "ಅಮ್ಮ ಗುರುವಾರ ತಂತಾಕ್ಕೆ ಹೋಗಬೇಕಾಗಬಹುದು, ಚಿಕ್ಕಮ್ಮನಿಗೆ ಹುಷಾರಿಲ್ಲ," ಅಂತ ಒಂದು ಮಾತು ಹಾಕಿಟ್ಟಳು.

ಸಫಿನಾಜ್ ಮನೆಮನೆಗೆ ಹೋದಳು. ಕಾಫಿ ಅಂಗಡಿಯವನು, "ಹಾಡಿಲ್ದೆ ಗಿರಾಕಿ ಕೂರ್ತಾರಾ ಉಮ್ಮ್ ರಬಾಬ್?" ಅಂದ. ಗಲ್ಲಿಯವರು ಅವಳನ್ನು ಕರೆಯುತ್ತಿದ್ದದ್ದು ಹಾಗೇ, ರಬಾಬಳ ತಾಯಿ ಅಂತ. ಕೋಳಿ ಅಂಗಡಿಯವನು ನಕ್ಕ, ಅಷ್ಟೇ. ಮೇಲಿನ ಮನೆಯ ಸನಿಯ್ಯಾ ಸಫಿನಾಜಳ ತಲೆಯ ಮೇಲೆ ಕೈಯಿಟ್ಟು ಮಂತ್ರಿಸಿ, "ಯಾರದೋ ಕಣ್ಣು ತಾಗಿದೆ ಕಣೇ ನಿಂಗೆ. ಈರುಳ್ಳಿಯವನ ಬೊಬ್ಬೆ ನೋಯಲ್ವಂತೆ, ಚಂದದ ಹಾಡು ನೋಯುತ್ತಂತೆ! ಯಾರಾದ್ರೂ ನಂಬ್ತಾರಾ?" ಅಂದಳು. ಇನ್ನು ಕಿಮೊ? ಅವನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದಲೇ ಮಾತಾಡಿದ. ಪ್ರೀತಿಯಿಂದ ಕೊಲ್ಲುವವರ ಜೊತೆ ಜಗಳವಾಡುವುದಾದರೂ ಹೇಗೆ?

"ಖಾಲಾ, ಡೀಜೆಗೆ ದುಡ್ಡು ಸಾಲ್ದು ಅಂತ ತಾನೇ ಹೀಗೆ ಹೇಳ್ತಿರೋದು? ನಾಚ್ಕೋಬೇಡಿ. ರಬಾಬ್ ನನ್ನ ತಂಗಿ ಇದ್ದ ಹಾಗೆ. ಗುರುವಾರ ಎರಡೂ ಸ್ಪೀಕರ್ ಶಾಮಿಯಾನದ ಕಡೆ ತಿರುಗಿಸ್ತೀನಿ. ನನ್ನ ಕಡೆಯಿಂದ ಉಡುಗೊರೆ!"

"ಉಡುಗೊರೆ ಬೇಡಪ್ಪ. ಆರಿಸು. ನಂಗೆ ನೋಯುತ್ತೆ ಕಣೋ."

"ಹಾಡು ನೋಯುತ್ತಾ ಖಾಲಾ? ಹಾಡೇನು ಹಲ್ಲುನೋವಾ?" ಅಂತ ಅವನು ಪಕ್ಕದವನಿಗೆ ಕಣ್ಣು ಹೊಡೆದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಅಂತ ಹೇಳೋಣವೆಂದರೆ, ಇಲ್ಲಿ ಕಿನ್ನರಿ ಬಾರಿಸುತ್ತಿದ್ದದ್ದೇ ಕೋಣ.

ಆ ಉರಿಯಲ್ಲೇ ಸೀದಾ ಶಾಮಿಯಾನದ ಬಯ್ಯೂಮಿ ಮೇಸ್ತ್ರಿಯ ಹತ್ತಿರ ಹೋದಳು. ಬಯ್ಯೂಮಿಯದು ಎರಡೂ ಕಡೆಯ ವ್ಯಾಪಾರ. ಮದುವೆಗೂ ಅವನದೇ ಕಂಬ, ಸಾವಿಗೂ ಅವನದೇ ಕಂಬ. ಬಟ್ಟೆ ಅದೇ, ಕುರ್ಚಿ ಅದೇ. ಕುರ್ಚಿ ಜೋಡಿಸುವ ರೀತಿ ಬೇರೆ, ಅಷ್ಟೇ.

"ಗುರುವಾರಕ್ಕೆ ಶಾಮಿಯಾನ ಬೇಕು," ಅಂದಳು.

"ಆಗಲಿ. ಡೀಜೆ ನಮ್ಮದೇನಾ, ಹೊರಗಡೆದಾ?"

"ಡೀಜೆ ಇಲ್ಲ."

"ಹಾಡೋರು?"

"ಯಾರೂ ಇಲ್ಲ. ಹಾಡೇ ಇಲ್ಲ."

"ಬಣ್ಣದ ದೀಪ?"

"ಬೆಳಕಿರುವಾಗಲೇ ಮುಗಿಯುತ್ತೆ. ದೀಪ ಯಾಕೆ?"

ಬಯ್ಯೂಮಿ ಅವಳ ಕಪ್ಪು ಗಲಾಬಿಯಾ ನಿಲುವಂಗಿ ನೋಡಿದ, ಉರಿದು ಕೆಂಪಾದ ಕಣ್ಣು ನೋಡಿದ. ಗುರುವಾರ, ಹಾಡಿಲ್ಲ, ದೀಪವಿಲ್ಲ. ಸತ್ತವರ ಹೆಸರಲ್ಲಿ ಜನ ಸೇರುವುದೂ ಗುರುವಾರವೇ. ಮೂವತ್ತು ವರ್ಷ ಕಂಬ ನೆಟ್ಟವನಿಗೆ ಇನ್ನೇನು ಹೇಳಬೇಕು? ಎದೆಗೆ ಕೈಯಿಟ್ಟು, ತಲೆ ಬಗ್ಗಿಸಿ, ಸಾವಿನ ಮನೆಯವರಿಗೆ ಹೇಳುವ ಮಾತು ಹೇಳಿದ: "ಹೋದವರ ಉಳಿದ ಆಯಸ್ಸು ನಿನಗಿರಲಿ, ತಾಯಿ."

ಸಫಿನಾಜಳಿಗೆ ಮೈಯೆಲ್ಲ ಹೊತ್ತಿಕೊಂಡಿತು. ಇವನೂ! ಹಾಡಿಲ್ಲದ ನಿಶ್ಚಿತಾರ್ಥ ಸಾವಿನ ಮನೆ ಅಂತ ಇವನೂ ಅಣಕಿಸುವುದೇ! ವಾರದಿಂದ ಇದೇ ಕುಹಕ ಕೇಳಿ ಕೇಳಿ ಸಾಕಾಗಿದ್ದಳು. "ನಿನಗೂ ಇರಲಿ, ನಿನ್ನ ಮನೆಯವರಿಗೆಲ್ಲ ಇರಲಿ!" ಅಂತ ಸಿಡಿದು, ಧಡಧಡ ಹೊರಟುಬಿಟ್ಟಳು. ಪಾಪ, ದುಃಖದಲ್ಲಿ ಹೀಗೇ ಅಂತ ಬಯ್ಯೂಮಿ ನಿಟ್ಟುಸಿರಿಟ್ಟ.

ಗುರುವಾರ ಮಧ್ಯಾಹ್ನ ಸಫಿನಾಜ್ ಅಡುಗೆಮನೆಯಲ್ಲಿ ಕೆಂಪು ಶರಬತ್ತು ಕಲಸುತ್ತಿದ್ದಳು, ಕಿವಿಯಲ್ಲಿ ಹತ್ತಿ, ಹತ್ತಿಯ ಮೇಲೆ ಬಿಗಿದು ಕಟ್ಟಿದ ಬಟ್ಟೆ. ಅಷ್ಟಾದರೂ ಕಿಮೊನ ಧಪ್ ಧಪ್ ನೆಲದಿಂದ ಹತ್ತಿ ಮೊಣಕಾಲಿಗೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಅದು ನಿಂತಿತು. ಕರೆಂಟು ಹೋಯಿತೇನೋ ಅಂತ ನೋಡಿದರೆ ಫ್ರಿಜ್ಜಿನ ದೀಪ ಉರಿಯುತ್ತಿದೆ. ಹೆದರಿಕೊಂಡೇ ಬಟ್ಟೆ ಬಿಚ್ಚಿ ಒಂದು ಕಿವಿಯ ಹತ್ತಿ ತೆಗೆದಳು. ಮತ್ತೆ ಇನ್ನೊಂದನ್ನೂ ತೆಗೆದಳು.

ಗಲ್ಲಿ ಮೌನವಾಗಿತ್ತು. ಕಾಫಿ ಅಂಗಡಿಯ ಹಾಡಿಲ್ಲ, ಕೋಳಿ ಅಂಗಡಿಯ ಹಾಡಿಲ್ಲ, ಕಿಮೊನ ಬ್ಯಾಟರಿಯಂತೂ ನಿಜವಾಗಿ ಖಾಲಿ. ಪಾತ್ರೆಯಲ್ಲಿ ಚಮಚ ತಿರುಗುವ ಸದ್ದು ಕೇಳಿತು. ಒಳಕೋಣೆಯಲ್ಲಿ ರಬಾಬ್ ಕೂದಲು ಬಾಚಿಕೊಳ್ಳುತ್ತ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಮಗಳ ಆ ಗುನುಗು ಕೇಳಿ ಎಷ್ಟು ಕಾಲವಾಗಿತ್ತೋ! ಸಫಿನಾಜ್ ಚಮಚ ಬಿಟ್ಟು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು. ಕೇಳಿದರಲ್ಲ, ಕೊನೆಗೂ ನನ್ನ ಮಾತು ಕೇಳಿದರಲ್ಲ! ಬಾಯಲ್ಲಿ ನಕ್ಕರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ವಾರವಿಡೀ ಶಪಿಸಿದ್ದಕ್ಕೆ ನಾಚಿಕೆಪಟ್ಟು, ಕಿಮೊನ ಕೈ ಕಾಲಿಗೆ ಆರೋಗ್ಯ ಕೊಡಪ್ಪ, ಅಂಗಡಿ ಬೆಳೆಸಪ್ಪ ಅಂತ ದೇವರನ್ನು ಬೇಡಿಕೊಂಡಳು. ಮೊದಲ ಲೋಟ ಶರಬತ್ತು ಅವನಿಗೇ ಕೊಡಬೇಕು ಅಂದುಕೊಂಡಳು.

ಬಾಗಿಲು ತಟ್ಟಿದ ಸದ್ದಾಯಿತು. ಮೇಲಿನ ಮನೆಯ ಸನಿಯ್ಯಾ. ಮೈತುಂಬ ಕಪ್ಪು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸಣ್ಣ ಸಣ್ಣ ಬಟ್ಟಲು. ಸಕ್ಕರೆಯಿಲ್ಲದ ಕಾಫಿ. ಅದನ್ನು ಯಾವ ಮನೆಗೆ ಒಯ್ಯುತ್ತಾರೆ ಅಂತ ಶುಬ್ರಾದ ಮಕ್ಕಳಿಗೂ ಗೊತ್ತು.

"ಅಯ್ಯೋ ನನ್ನ ತಾಯಿ," ಅಂತ ತಟ್ಟೆ ಕೆಳಗಿಟ್ಟು ಸನಿಯ್ಯಾ ಅವಳ ಕುತ್ತಿಗೆಗೆ ಜೋತುಬಿದ್ದಳು. "ಒಂದು ಮಾತು ಹೇಳಬಾರದಾ? ಹುಷಾರಿಲ್ಲ ಅಂತ ರಬಾಬ್ ಹೇಳಿದ್ದಷ್ಟೇ, ಇದ್ದ ಒಬ್ಬಳು ತಂಗೀನೂ ಹೋದಳಲ್ಲೇ! ಪಾಪ ಆ ಹುಡುಗಿ ರಬಾಬ್, ಇವತ್ತೇ ಆಗಬೇಕಿತ್ತಾ!"

"ಯಾರು ಹೋದದ್ದು? ಏನು ಮಾತಾಡ್ತಿದ್ದೀಯ?"

"ಮತ್ತೆ ಕೆಳಗೆ ಬಯ್ಯೂಮಿ ಸಾವಿನ ಶಾಮಿಯಾನ ಹಾಕಿದಾನಲ್ಲ? 'ಆರಿಸ್ರಪ್ಪ, ಸಾವಿನ ಮನೆ' ಅಂತ ಅವನು ಒಂದು ಮಾತು ಹೇಳಿದ್ದೇ ತಡ, ಎಲ್ಲರೂ ಆರಿಸಿದರು. ಕಿಮೊ ಅಂತೂ ಶಟರ್ರೇ ಎಳೆದುಬಿಟ್ಟ. ಒಳ್ಳೆ ಹುಡುಗ."

ಸಫಿನಾಜ್ ಬಾಲ್ಕನಿಗೆ ಬಂದು ನೋಡಿದಳು. ಕುರ್ಚಿಗಳು ಎರಡು ಸಾಲಾಗಿ, ಮುಖಾಮುಖಿಯಾಗಿ ಕೂತಿವೆ, ನಡುವೆ ದಾರಿ, ಕೊನೆಯಲ್ಲಿ ಕುರಾನ್ ಓದುವವರಿಗೆ ಎತ್ತರದ ಆಸನ. ಅಕ್ಕಪಕ್ಕದ ಗಂಡಸರು ಆಗಲೇ ಬಂದು, ತಲೆ ಬಗ್ಗಿಸಿ, ಬೆರಳಲ್ಲಿ ಜಪಮಣಿ ಎಣಿಸುತ್ತ ಕೂತಿದ್ದಾರೆ. ಬಯ್ಯೂಮಿ ಆವತ್ತು ಅಣಕಿಸಿದ್ದಲ್ಲ ಅಂತ ಅವಳಿಗೆ ಆಗ ಹೊಳೆಯಿತು.

ಬೇರೆ ಹೆಂಗಸಾದರೆ ನಗುತ್ತಿದ್ದಳೋ ಏನೋ. ಸಫಿನಾಜಳಿಗೆ ನಗು ಬರಲಿಲ್ಲ. ಸ್ಟೂಲಿನ ಮೇಲೆ ಕೂತು ಅತ್ತಳಲ್ಲ, ದೇವರನ್ನು ಬೇಡಿಕೊಂಡಳಲ್ಲ, ಅದು ನೆನಪಾಗಿ ಅವಮಾನದಿಂದ ಮುಖ ಸುಟ್ಟಂತಾಯಿತು. ತನಗಾಗಿ ಅಲ್ಲ! ತಂತಾದಲ್ಲಿ ಗುಂಡುಕಲ್ಲಿನ ಹಾಗೆ ಬದುಕಿರುವ, ಈ ಗಲ್ಲಿಯವರಲ್ಲಿ ಅರ್ಧ ಜನ ಮುಖವನ್ನೇ ನೋಡಿರದ ತಂಗಿ ಸತ್ತಳು ಅಂತ ತಿಳಿದು, ಕೇಳಿದ ಉಸಿರಲ್ಲೇ ಆರಿಸಿದರು. ಕಣ್ಣೆದುರು ಬದುಕಿ ನಿಂತು ನೋಯುತ್ತೆ ಅಂತ ಕೈಮುಗಿದು ಬೇಡಿದವಳಿಗೆ ಕಣ್ಣು ಹೊಡೆದು ನಕ್ಕರು. ಥೂ, ಇದೆಂಥ ಮರ್ಯಾದೆ!

ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಸಾಮಿಹನ ಕಡೆಯವರ ಕಾರುಗಳು ಪೀಂ ಪೀಂ ಅಂತ ಹಾರನ್ ಹೊಡೆಯುತ್ತ ಬಂದವು. ಕಿಮೊ ಓಡಿಹೋಗಿ ಎರಡೂ ಕೈ ಅಡ್ಡ ಹಿಡಿದ. ಹಾರನ್ ನಿಂತಿತು. ಹಾಜ್ಜಾ ಹಿಕ್ಮತ್ ಜರಿ ಬಟ್ಟೆಯಲ್ಲಿ ಇಳಿದವಳು ಕುರ್ಚಿಯ ಸಾಲು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಸಫಿನಾಜ್ ಶರಬತ್ತಿನ ಕೈಯನ್ನೂ ತೊಳೆಯದೆ ಮೆಟ್ಟಿಲು ಇಳಿದಳು. ಗುಲಾಬಿ ಬಣ್ಣದ ಉಡುಪಿನಲ್ಲಿ ರಬಾಬ್ ಏನು ಏನು ಅನ್ನುತ್ತ ಹಿಂದೆಯೇ ಬಂದಳು.

"ಯಾರೂ ಸತ್ತಿಲ್ಲ," ಅಂದಳು ಸಫಿನಾಜ್, ಶಾಮಿಯಾನದ ನಡುವೆ ನಿಂತು. "ನನ್ನ ತಂಗಿ ಚೆನ್ನಾಗಿದಾಳೆ. ಬಯ್ಯೂಮಿ ತಪ್ಪು ತಿಳ್ಕೊಂಡ. ಇದು ನನ್ನ ಮಗಳ ನಿಶ್ಚಿತಾರ್ಥ."

ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ದೇವರು ದೊಡ್ಡವನು ಅಂತ ಒಬ್ಬ, ಸದ್ಯ ಬದುಕಿದೆವು ಅಂತ ಇನ್ನೊಬ್ಬ. ಬಯ್ಯೂಮಿ ತಲೆ ಚಚ್ಚಿಕೊಂಡ. ಕಿಮೊನ ಮುಖ ಮಾತ್ರ ಕೆಂಪೇರಿತು.

"ಖಾಲಾ, ಇದು ಸರಿಯಲ್ಲ. ನಿಮ್ಮ ಮನೆ ದುಃಖ ಅಂತ ನಾನು ಅಂಗಡಿ ಮುಚ್ಚಿದ್ದು. ಹಾಡು ಆರಿಸೋಕೆ ಬೇಕಂತಲೇ ಆಟ ಕಟ್ಟಿದ್ರಾ? ಮೋಸ ಇದು!"

"ಮೋಸಾನಾ?" ಸಫಿನಾಜ್ ಅವನ ಎದುರಿಗೆ ಬಂದು ನಿಂತಳು. "ನಿನ್ನ ಬಾಗಿಲಿಗೆ ಬಂದು ಕೇಳಿದ್ನಲ್ಲೋ ನಾನು! ನೋಯುತ್ತೆ ಕಣೋ ಅಂದೆ. ಹಲ್ಲುನೋವಾ ಅಂದೆ ನೀನು. ಇವತ್ತು ಬಯ್ಯೂಮಿ ಸಾವು ಅಂದ, ಎಲ್ಲರೂ ಆರಿಸಿದ್ರಿ. ಯಾರ ಸಾವು ಅಂತ ಕೇಳಿದ್ರಾ? ಯಾರಾದ್ರೂ ನಂಬ್ತಾರಾ ಅಂದ್ರಾ? ಗಿರಾಕಿ ಕೂರ್ತಾರಾ ಅಂದ್ರಾ? ಸತ್ತೋರಿಗೆ ಹಾಡು ಕೇಳಲ್ಲ, ನೋಯಲ್ಲ, ಅವರಿಗೆ ಆರಿಸ್ತೀರಿ. ನಂಗೆ ಕೇಳುತ್ತಲ್ಲ, ನಂಗೆ ನೋಯುತ್ತಲ್ಲ, ನಾನೇನು ಸಾಯಬೇಕಾ ಒಂದು ಗಳಿಗೆ ನೆಮ್ಮದಿಗೆ? ಸಾವಿಗೆ ಕೊಡೋ ಮರ್ಯಾದೇಲಿ ಅರ್ಧ ಕೊಡ್ರೋ ಬದುಕಿರೋರಿಗೆ!"

ಜಪಮಣಿಯವರು ಜಪಮಣಿ ನೋಡಿಕೊಂಡರು. ಆಗ ಹಾಜ್ಜಾ ಹಿಕ್ಮತ್ ಮುಂದೆ ಬಂದಳು.

"ಶುಭದ ಹೊತ್ತಲ್ಲಿ ಸಾವು ಸಾವು ಅಂತೀಯಲ್ಲಮ್ಮ! ಅಪಶಕುನ ಆಗಿಹೋಯ್ತು. ಇದನ್ನ ಕಳೀಬೇಕು ಅಂದ್ರೆ ಜೋರಾಗಿ ಹಾಡು ಹಾಕಬೇಕು, ದೆವ್ವ ಪೀಡೆಯೆಲ್ಲ ಓಡೋ ಹಾಗೆ. ಯಾರಪ್ಪ ಅಲ್ಲಿ, ಸ್ಪೀಕರ್ ಇರೋನು?"

ಜನಕ್ಕೆ ಅಷ್ಟೇ ಬೇಕಾಗಿತ್ತು. ಹೌದು ಹೌದು, ಹಾಕಪ್ಪ, ದೇವರ ದಯೆ, ಯಾರೂ ಸತ್ತಿಲ್ಲ ಅಂತ ಎಲ್ಲ ಕಡೆಯಿಂದ ಮಾತು ಎದ್ದಿತು. ಹಾಜ್ಜಾಳ ಮಾತಿನಿಂದ ಕಿಮೊನಿಗೆ ಹೋದ ಜೀವ ಬಂದಂತಾಗಿ, ಜೇಬಿನಿಂದ ಬೀಗದ ಕೈ ತೆಗೆಯುತ್ತ ಅಂಗಡಿಯ ಕಡೆ ಹೆಜ್ಜೆ ಹಾಕಿದ. ಸಫಿನಾಜಳ ಕೈ ತಂತಾನೇ ಕಿವಿಯ ಕಡೆ ಹೋಗುತ್ತಿತ್ತು. ಕಿವಿಯ ಹತ್ತಿ ಮೇಲಿನ ಅಡುಗೆಮನೆಯಲ್ಲೇ ಉಳಿದಿತ್ತು. ಮೆಟ್ಟಿಲಿನ ಕಡೆ ನೋಡಿದಳು. ಈಗ ಹತ್ತಿಹೋದರೆ ಮಗಳ ಬೆರಳಿಗೆ ಉಂಗುರ ಬೀಳುವುದನ್ನು ಈ ಜನ್ಮದಲ್ಲಿ ನೋಡುವಂತಿಲ್ಲ.

"ಸಾಮಿಹ್, ಉಂಗುರ ಎಲ್ಲಿ?"

ಕೇಳಿದ್ದು ರಬಾಬ್. ಸಾವಿನ ಸಾಲಿನ ಕುರ್ಚಿಯೊಂದನ್ನು ಎಳೆದು ತಾಯಿಯ ಪಕ್ಕದಲ್ಲೇ ಹಾಕಿಕೊಂಡು ಕೂತಿದ್ದಳು, ಬಲಗೈ ಮುಂದೆ ಚಾಚಿದ್ದಳು.

"ಅಮ್ಮನ ಹತ್ರ," ಅಂದ ಸಾಮಿಹ್.

"ಹಾಕು. ಬೇಗ. ಅವನು ಶಟರ್ ಎತ್ತೋದ್ರೊಳಗೆ ಹಾಕು. ನನ್ನ ಅಮ್ಮ ಇಲ್ಲೇ ನಿಂತು ನೋಡಬೇಕು."

"ಏನೇ ಇದು! ಹಾಡಿಲ್ಲ, ಕುಣಿತ ಇಲ್ಲ, ಕದ್ದ ಮಾಲಿನ ಹಾಗೆ ಉಂಗುರ ಹಾಕ್ತಾರಾ?" ಅಂತ ಹಾಜ್ಜಾ ಹಿಕ್ಮತ್ ಕೈಚೀಲವನ್ನು ಎದೆಗೆ ಅವುಚಿಕೊಂಡಳು.

ಸಾಮಿಹ್ ಒಂದು ಸಲ ಸಫಿನಾಜಳ ಕೈ ನೋಡಿದ. ಅವು ಕಿವಿಯ ಹತ್ತಿರ ಬಂದು, ಮುಚ್ಚಲೂ ಆಗದೆ ಇಳಿಸಲೂ ಆಗದೆ ನಿಂತಿದ್ದವು. ತಾಯಿಯ ಕೈಚೀಲದ ಬಾಯಿ ಬಿಚ್ಚಿ, "ಕ್ಷಮಿಸಮ್ಮ," ಅಂದು, ಡಬ್ಬಿ ತೆಗೆದುಕೊಂಡ. ಅತ್ತ ಬೀಗ ತೆಗೆದ ಸದ್ದಾಯಿತು. ಮೊದಲ ಸಲ ಉಂಗುರ ಗೆಣ್ಣಿಗೆ ಸಿಕ್ಕಿಕೊಂಡಿತು. ಶಟರ್ ಕರಕರ ಅಂತ ಮೇಲೇರತೊಡಗಿತು. ರಬಾಬ್ ಬೆರಳು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, "ತಳ್ಳು," ಅಂದಳು. ಉಂಗುರ ಕೂತಿತು.

ಸಫಿನಾಜ್ ಕೈ ಇಳಿಸಿದಳು. ಎದೆ ತುಂಬ ಉಸಿರೆಳೆದು ಲೂಲೂಲೂ ಅಂತ ಹರ್ಷದ ಕೂಗು ಹಾಕಿದಳು. ತನ್ನ ಗಂಟಲಿನದು ತನಗೆ ನೋಯಲಿಲ್ಲ. ಇಡೀ ಗಲ್ಲಿಯಲ್ಲಿ ಅದೊಂದೇ ಸದ್ದು. ಈ ಕಡೆಯ ಗೋಡೆಗೆ ಬಡಿದು ಆ ಕಡೆಯ ಬಾಲ್ಕನಿಗೆ ಹೋಯಿತು. ಸನಿಯ್ಯಾ ಕಪ್ಪು ಬಟ್ಟೆಯಲ್ಲೇ ದನಿಗೂಡಿಸಲು ಬಾಯಿ ತೆರೆದಳು. ಸಫಿನಾಜ್ ಬಗ್ಗಿ ಮಗಳ ಹಣೆಗೆ ಮುತ್ತಿಟ್ಟಳು.

ಅಷ್ಟರಲ್ಲಿ ಹಾಡು ಶುರುವಾಯಿತು. ಯಾರೂ ಸತ್ತಿರಲಿಲ್ಲವಲ್ಲ, ಆ ಸಂತೋಷಕ್ಕೆ ಕಿಮೊ ದಿನಕ್ಕಿಂತ ಸ್ವಲ್ಪ ಜೋರಾಗಿಯೇ ಇಟ್ಟಿದ್ದ.